ಎಂಟು ದಿನ ನನ್ನದಲ್ಲದ ಹುಳಿಹಿಟ್ಟು

ಏಪ್ರಿಲ್ 1, ಸೋಮವಾರ

ಭುಜ: ಹತ್ತಕ್ಕೆ ಏಳು.

ಬಲಭುಜ ಎಷ್ಟು ನೋಯುತ್ತದೆಂದು ದಿನವೂ ಹತ್ತಕ್ಕೆ ಅಂಕ ಕೊಟ್ಟು ಬರೆದಿಡಲು ಡಾಕ್ಟರು ಹೇಳಿದ್ದಾರೆ. ಒಂದು ಅಂಕಕ್ಕೆ ಒಂದು ಪುಟ ದಂಡವಾಗುತ್ತದೆ. ಉಳಿದ ಜಾಗದಲ್ಲಿ ಆ ದಿನದ ಸುದ್ದಿ ಬರೆಯುತ್ತೇನೆ.

ಎದ್ದದ್ದು ಎರಡೂವರೆಗೆ. ಮೂರಕ್ಕೆ ಮುದುಕಿಗೆ ಹಿಟ್ಟು, ನೀರು. ಐದೂ ಮುಕ್ಕಾಲಕ್ಕೆ ಮೊದಲ ಬ್ರೆಡ್ ಹೊರಗೆ. ಮಧ್ಯಾಹ್ನ ಮೂರಕ್ಕೆ ಮತ್ತೆ ಮುದುಕಿಗೆ. ಇಪ್ಪತ್ತಾರು ವರ್ಷಗಳಿಂದ ಇದೇ ಗಡಿಯಾರ.

ಮುದುಕಿ ಎಂದರೆ ನಮ್ಮ ಬೇಕರಿಯಲ್ಲಿ ಬ್ರೆಡ್ ಉಬ್ಬಿಸುವ ಹುಳಿಹಿಟ್ಟು. ನೆಲಮಾಳಿಗೆಯಲ್ಲಿ ಕಂದು ಮಣ್ಣಿನ ಜಾಡಿಯಲ್ಲಿದೆ. 1929ರಲ್ಲಿ ತಾತ ಪೋಲೆಂಡಿನಿಂದ ಆಂಟ್‌ವರ್ಪಿಗೆ ಬಂದಾಗ ಕೋಟಿನೊಳಗೆ ಇಟ್ಟುಕೊಂಡು ತಂದದ್ದು. ಯುದ್ಧದ ಮೂರು ವರ್ಷ ಇದನ್ನೂ, ಆಗ ಏಳು ವರ್ಷದವರಾಗಿದ್ದ ಅಪ್ಪನನ್ನೂ ಹಳ್ಳಿಯ ಒಬ್ಬ ಹೆಂಗಸು ತನ್ನ ಮನೆಯಲ್ಲಿ ಬಚ್ಚಿಟ್ಟು ಸಾಕಿದಳು. ತಾತ ಹಿಂದಿರುಗಿದಾಗ ಜಾಡಿ ಇತ್ತು, ಅಪ್ಪ ಇದ್ದರು. ಅಜ್ಜಿ ಇರಲಿಲ್ಲ.

ನಾವು ಯೆಹೂದಿಗಳು; ಪೆಸಾಖ್ ಹಬ್ಬದ ಎಂಟು ದಿನ ಹುಳಿ ಬಂದದ್ದು ಏನೂ ನಮ್ಮದಾಗಿರಬಾರದು. ತಿನ್ನುವುದಷ್ಟೇ ಅಲ್ಲ, ಒಡೆತನವೂ ಕೂಡದು. ಹಾಗಾಗಿ ಬೇಕರಿಯನ್ನೂ ಮುದುಕಿಯನ್ನೂ ಪ್ರತಿ ವರ್ಷ, ಯೆಹೂದಿಯಲ್ಲದ ಆ ಹೆಂಗಸಿಗೆ, ಆಮೇಲೆ ಅವಳ ಮಗ ಗುಸ್ಟ್‌ಗೆ ಮಾರುತ್ತಿದ್ದೆವು. ಗುಸ್ಟ್ ಬೀಗದ ಕೈ ಜೇಬಿಗಿಳಿಸಿ ಮನೆಗೆ ಹೋಗುತ್ತಿದ್ದ. ಎಂಟು ದಿನ ಕಳೆದ ಮೇಲೆ ತಂದುಕೊಡುತ್ತಿದ್ದ. ಒಂದು ಸಲವೂ ಬಾಗಿಲು ತೆರೆದದ್ದಿಲ್ಲ.

ಜನವರಿಯಲ್ಲಿ ಗುಸ್ಟ್ ತೀರಿಕೊಂಡ. ಹಬ್ಬಕ್ಕೆ ಹದಿನೆಂಟು ದಿನ ಉಳಿದಿದೆ.

ಏಪ್ರಿಲ್ 4, ಗುರುವಾರ

ಭುಜ: ಏಳು.

ನಮ್ಮ ಧರ್ಮಗುರು ರಬ್ಬಿಗಳೇ ಬೇಕರಿಗೆ ಬಂದರು. ಅರ್ಧ ಬ್ರೆಡ್ ಕೊಂಡು, ಹೋಗುವಾಗ ಬಾಗಿಲಲ್ಲಿ ನಿಂತು, "ಗುಸ್ಟ್ ಜಾಗಕ್ಕೆ ಒಬ್ಬ ಸಿಕ್ಕಿದಾನಮ್ಮ. ನಮ್ಮ ಮೇಲಿನ ಮಹಡಿಯವನು. ಲೋಡೆ ಅಂತ. ಪ್ರಾಣಿ ಸಂಗ್ರಹಾಲಯದಲ್ಲಿ ಮೂವತ್ತೊಂದು ವರ್ಷ ಜಿರಾಫೆಗಳನ್ನ ನೋಡ್ಕೊಂಡವನು. ಈಗ ರಿಟೈರ್ಡು" ಎಂದರು.

"ನಂಬಬಹುದಾ?"

"ಜಿರಾಫೆಗಳು ನಂಬಿದ್ವು."

ಬೇಕರಿಯ ಮೇಲಿನ ನಮ್ಮ ಮನೆಯಲ್ಲಿ ಹಬ್ಬಕ್ಕೆಂದು ಕಪಾಟು ತೊಳೆಯುವ ಕೆಲಸ ಶುರು ಮಾಡಿದೆ. ಕೋಟುಗಳ ಜೇಬು ತಿರುವಿ ಹಾಕಿದೆ. ಗಂಡ ನಫ್ತಾಲಿಗೆ ಕೊಟ್ಟ ಕೆಲಸ ಒಂದೇ: ಪುಸ್ತಕಗಳನ್ನು ಕೊಡವಿ ಬ್ರೆಡ್ಡಿನ ಚೂರುಪಾರು ಬೀಳಿಸುವುದು. ಎರಡು ಗಂಟೆ ಬಿಟ್ಟು ಹೋಗಿ ನೋಡಿದರೆ ಮೂರನೇ ಪುಸ್ತಕದಲ್ಲಿದ್ದಾರೆ, ಕುಳಿತು ಓದುತ್ತಿದ್ದಾರೆ.

"ರೀ, ಕೊಡವಿ ಅಂದೆ, ಓದಿ ಅನ್ನಲಿಲ್ಲ."

"ಓದದೆ ಕೊಡವಿದ್ರೆ ಪುಸ್ತಕಕ್ಕೆ ಬೇಜಾರಾಗುತ್ತೆ ಕಣೇ."

ದಿನವಿಡೀ ಭೂತಗನ್ನಡಿ ಹಿಡಿದು ವಜ್ರ ವಿಂಗಡಿಸುವ ಮನುಷ್ಯನಿಗೆ ಬ್ರೆಡ್ಡಿನ ಚೂರು ಕಣ್ಣಿಗೆ ಬೀಳುವುದಿಲ್ಲ.

ಏಪ್ರಿಲ್ 9, ಮಂಗಳವಾರ

ಭುಜ: ಎಂಟು. ಫ್ರಿಜ್ ಎಳೆದದ್ದಕ್ಕೆ.

ಜ್ಯೂರಿಕ್‌ನಿಂದ ಚಿಕ್ಕಪ್ಪನ ಮಗಳು ಬ್ಲೂಮಾ ಫೋನ್ ಮಾಡಿದ್ದಳು. ಹಬ್ಬ ಮುಗಿದ ಮೇಲೆ ಮುದುಕಿಯದು ಒಂದು ಹಿಡಿ ಕಳಿಸುತ್ತೀಯಾ ಎಂದು ಕೇಳಿದಳು. ಇದು ಮೂರನೆಯ ಸಲ. ಆಗುವುದಿಲ್ಲ ಎಂದೆ. ಅಪ್ಪ ಯಾರಿಗೂ ಕೊಟ್ಟವರಲ್ಲ, ನಾನೂ ಕೊಟ್ಟವಳಲ್ಲ. ಒಂದು ಚಮಚ ಹೊರಗೆ ಹೋದರೆ ನಾಳೆ ಊರೂರಿನಲ್ಲಿ ನಮ್ಮ ಬ್ರೆಡ್ಡು.

"ಅದೇನು ನಿನ್ನ ಒಡವೆನಾ?" ಎಂದಳು ಬ್ಲೂಮಾ.

"ಒಡವೆಗೆ ದಿನಕ್ಕೆರಡು ಸಲ ಊಟ ಹಾಕ್ಬೇಕಾಗಿಲ್ಲ" ಎಂದೆ.

ಫೋನ್ ಇಟ್ಟ ಮೇಲೆ, ಒಳ್ಳೆಯ ಉತ್ತರ ಕೊಟ್ಟೆ ಎನ್ನಿಸಿತು.

ಏಪ್ರಿಲ್ 11, ಗುರುವಾರ

ಭುಜ: ಏಳು.

ಲೋಡೆ ಬಂದಿದ್ದ, ಸರಕು ನೋಡಲು! ಗುಸ್ಟ್ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಸರಕು ನೋಡಿರಲಿಲ್ಲ. ಲೋಡೆ ಎತ್ತರದ ಆಳು, ಮಾತು ನಿಧಾನ. ಮೇಲೆಲ್ಲೋ ಇರುವ ಮುಖದೊಡನೆ ಮಾತಾಡಿ ಅಭ್ಯಾಸವಿರುವವನ ಹಾಗೆ ನನ್ನ ತಲೆಯ ಮೇಲಿಂದ ನೋಡುತ್ತಾನೆ.

ನೆಲಮಾಳಿಗೆಗೆ ಇಳಿದು ಜಾಡಿಯ ಬಟ್ಟೆ ಸರಿಸಿ ತೋರಿಸಿದೆ. ಒಂದು ಗುಳ್ಳೆ ಎದ್ದು ಒಡೆಯಿತು. ಅವನು ಬಗ್ಗಿದ.

"ಅಮ್ಮಾ, ಇದು ಜೀವಂತ ಇದೆ ಅಲ್ವಾ?"

"ಒಂದು ಲೆಕ್ಕದಲ್ಲಿ ಹೌದು."

"ಏನು ತಿನ್ನುತ್ತೆ? ದಿನಕ್ಕೆ ಎಷ್ಟು ಸಲ?"

"ನಿಮಗ್ಯಾಕೆ ಆ ತಾಪತ್ರಯ? ಇಲ್ಲಿ ತಣ್ಣಗಿರುತ್ತೆ. ಎಂಟು ದಿನ ಏನೂ ಬೇಡ. ನೀವು ಬೀಗದ ಕೈ ಇಟ್ಟುಕೊಂಡ್ರೆ ಸಾಕು."

ಅವನು ತಲೆಯಾಡಿಸಿದ. ಒಪ್ಪಿದವನ ಹಾಗೆ ಕಾಣಲಿಲ್ಲ. ಮನೆಯ ವಿದ್ಯೆಯನ್ನು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳಲಾಗುತ್ತದೆಯೇ?

ಏಪ್ರಿಲ್ 17, ಬುಧವಾರ

ಭುಜ: ಎಂಟು.

ಹಬ್ಬಕ್ಕೆ ಮುಂಚಿನ ಕೊನೆಯ ಸಲದ ಬ್ರೆಡ್ ಐದೂ ಮುಕ್ಕಾಲಕ್ಕೆ. ಹತ್ತಕ್ಕೆ ಅಂಗಡಿ ಮುಚ್ಚಿದೆ. ಮುದುಕಿಗೆ ಗಟ್ಟಿ ಹಿಟ್ಟು ಕಲಸಿ, ಬಟ್ಟೆ ಕಟ್ಟಿ, ನೆಲಮಾಳಿಗೆಯ ಒಳಗಿನ ಕಪಾಟಿನಲ್ಲಿ ಇಟ್ಟೆ. ಪಕ್ಕದಲ್ಲಿ ತಗಡಿನ ಡಬ್ಬಿ. ಮುದುಕಿಯನ್ನೇ ತೆಳ್ಳಗೆ ಬಳಿದು ಒಣಗಿಸಿದ ಪುಡಿ ಅದರಲ್ಲಿದೆ. ಜಾಡಿಗೆ ಏನಾದರೂ ಆದರೆ ಇರಲಿ ಎಂದು ಇಟ್ಟದ್ದು. ಅದರಾಚೆ ಒಂದು ಚೀಲ ರೈ ಹಿಟ್ಟು.

ಅಟ್ಟದಿಂದ ಹಬ್ಬದ ಪಾತ್ರೆಗಳನ್ನು ಇಳಿಸಿದೆವು. ಹುಳಿ ಸೋಕಿದ ಒಲೆಗೆ ತಗಡು ಹೊದಿಸಿದ್ದಾಯಿತು. ಲಂಡನ್ನಿನಿಂದ ಮಗಳು ಹಿಂಡೆ ತನ್ನ ಐದು ವರ್ಷದ ಝೆಲ್ಡಾಳನ್ನು ಕರೆದುಕೊಂಡು ಬಂದಳು. ಅಪ್ಪ ಕಿಟಕಿಯ ಬಳಿ ಕುಳಿತು ಹಬ್ಬದೂಟದ ಕಹಿಬೇರು ತುರಿಯುತ್ತಾ ಕಣ್ಣು ಮೂಗು ಸುರಿಸಿಕೊಂಡರು. ಎಂಬತ್ತಮೂರು ವಯಸ್ಸಾದರೂ ಆ ಕೆಲಸವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

"ಮುತ್ತಾತ ಯಾಕೆ ಅಳ್ತಿದಾರೆ?" ಎಂದಳು ಝೆಲ್ಡಾ.

"ಈಜಿಪ್ಟಿನಲ್ಲಿ ನಮ್ಮನ್ನ ಗುಲಾಮರು ಮಾಡಿ ಇಟ್ಟಿಗೆ ಹೊರಿಸಿದ್ರಲ್ಲ, ಅದಕ್ಕೆ" ಎಂದರು ಅಪ್ಪ. "ಮೂಗಿನ ಹತ್ರ ತಗೊಂಡು ನೋಡು, ನಿನಗೂ ನೆನಪಾಗುತ್ತೆ."

ಏಪ್ರಿಲ್ 18, ಗುರುವಾರ

ಭುಜ: ಏಳು.

ಕತ್ತಲಾದ ಮೇಲೆ ಮೇಣದಬತ್ತಿ, ಗರಿ, ಮರದ ಚಮಚ ಹಿಡಿದು ಉಳಿದ ಹುಳಿಗಾಗಿ ಮನೆಯೆಲ್ಲ ಹುಡುಕಿದೆವು. ಪದ್ಧತಿಯಂತೆ ಹಿಂಡೆ ಬಚ್ಚಿಟ್ಟಿದ್ದ ಹತ್ತು ತುಂಡು ಬ್ರೆಡ್ಡೂ ಸಿಕ್ಕಿದವು. ಹನ್ನೊಂದನೆಯದು ನನ್ನ ಹಳೆಯ ಏಪ್ರನ್ನಿನ ಜೇಬಿನಲ್ಲಿತ್ತು. ಅದನ್ನು ಯಾರೂ ಬಚ್ಚಿಟ್ಟಿರಲಿಲ್ಲ. ನಫ್ತಾಲಿಗೆ ಹಬ್ಬ ಪೂರ್ತಿ ಆಡಿಕೊಳ್ಳಲು ಅದೊಂದು ಸಾಕು.

ಏಪ್ರಿಲ್ 19, ಶುಕ್ರವಾರ

ಭುಜ: ಒಂಬತ್ತು.

ಹಬ್ಬದ ದೀಪ ಹಚ್ಚುವುದಕ್ಕೆ ಇನ್ನೂ ಹೊತ್ತಿದೆ. ಅಷ್ಟರೊಳಗೆ ಬರೆದುಬಿಡುತ್ತೇನೆ. ದೀಪ ಹಚ್ಚಿದ ಮೇಲೆ ಭಾನುವಾರ ಕತ್ತಲಾಗುವವರೆಗೆ ಬರೆಯುವಂತಿಲ್ಲ.

ಹತ್ತೂವರೆಗೆ ರಬ್ಬಿಗಳು ಮತ್ತು ಲೋಡೆ ಬಂದರು. ಮಾರಾಟದ ಪತ್ರವನ್ನು ಲೋಡೆ ಸಾಲು ಸಾಲಾಗಿ ಓದಿದ. ಸಹಿ ಆಯಿತು, ಮುಂಗಡ ಕೈ ಬದಲಾಯಿತು, ವ್ಯಾಪಾರ ಖಾಯಂ ಎನ್ನುವುದಕ್ಕೆ ಲೋಡೆ ರಬ್ಬಿಗಳ ಕರವಸ್ತ್ರ ಎತ್ತಿ ಹಿಡಿದ, ಬೀಗದ ಕೈ ಕೊಟ್ಟೆ. ಪ್ರತಿ ವರ್ಷ ಇಲ್ಲಿಗೆ ಮುಗಿಯುತ್ತಿತ್ತು. ಲೋಡೆ ಆ ಬೀಗದ ಕೈಯಿಂದ ಬಾಗಿಲು ತೆರೆದು ನೆಲಮಾಳಿಗೆಗೆ ಇಳಿದ. ಮೇಲೆ ಬಂದಾಗ ಒಂದು ತೋಳಿನಲ್ಲಿ ಕಲಸುವ ಮರದ ಕೋಲಿನ ಸಮೇತ ಜಾಡಿ, ಕಂಕುಳಲ್ಲಿ ತಗಡಿನ ಡಬ್ಬಿ, ಇನ್ನೊಂದು ಕೈಯಲ್ಲಿ ಹಿಟ್ಟಿನ ಚೀಲ.

"ಏನ್ರೀ ಇದು!"

"ನನ್ನದೇ ಅಲ್ವಾ ಅಮ್ಮಾ ಈಗ? ಜೀವಂತ ಇರೋದನ್ನ ಎಂಟು ದಿನ ಕತ್ತಲಲ್ಲಿ ಒಂಟಿಯಾಗಿ ಬಿಡೋಕೆ ನನ್ನ ಕೈಲಾಗಲ್ಲ. ಮನೇಲಿ ಒಲೆ ಪಕ್ಕ ಬೆಚ್ಚಗಿರುತ್ತೆ."

ಒಲೆ ಪಕ್ಕ! ಬಿಸಿಯಲ್ಲಿ ಊಟವಿಲ್ಲದೆ ಎಂಟು ದಿನ ಇದ್ದರೆ ಬೂಷ್ಟು ಹಿಡಿದು ಹೋಗುತ್ತದೆ. ಬಾಯಿ ತೆರೆದೆ. ರಬ್ಬಿಗಳು ಬೆರಳೆತ್ತಿದರು.

"ಫ್ರಾಡೆಲ್, ಅದು ಯಾರದು?"

"...ಅವರದು."

"ಮತ್ತೆ? ನಿನ್ನದಲ್ಲದ ಹುಳಿ ಉಳೀಬೇಕು ಅಂತ ನೀನು ಈ ಎಂಟು ದಿನ ಬಯಸೋ ಹಾಗೂ ಇಲ್ಲ. ಏನು ಮಾಡಿ ಅಂತ ಹೇಳೋ ಹಾಗಂತೂ ಇಲ್ಲವೇ ಇಲ್ಲ."

ಲೋಡೆ ಜಾಡಿಗೆ ತನ್ನ ಕೋಟು ಸುತ್ತಿ, ಸೈಕಲ್ಲಿನ ಬುಟ್ಟಿಯಲ್ಲಿಟ್ಟು, ಉಬ್ಬುತಗ್ಗು ನೋಡಿಕೊಂಡು ಮೆಲ್ಲಗೆ ತಳ್ಳಿಕೊಂಡು ಹೋದ. ರಬ್ಬಿಗಳ ಮುಖದಲ್ಲಿ ಮದುವೆ ಮನೆಯ ನಗು. "ಅಮ್ಮಾ, ಎಷ್ಟೋ ವರ್ಷದಿಂದ ನೀನು ಮಾರ್ತಿದೀಯ. ಇವತ್ತು ನಿಜವಾಗಿ ಮಾರಿದೆ" ಎಂದರು.

ಮೊನ್ನೆ ಕೇಳಿದಾಗಲೇ ಹೇಳಿಬಿಡಬಹುದಿತ್ತು. ಎರಡು ಮಾತು ಸಾಕಿತ್ತು.

ತೊಂಬತ್ತು ವರ್ಷ.

ಏಪ್ರಿಲ್ 21, ಭಾನುವಾರ, ಕತ್ತಲಾದ ಮೇಲೆ

ಹಬ್ಬದ ನಡುವಿನ ದಿನಗಳಲ್ಲಿ ಬರೆಯಬಾರದು ಎನ್ನುತ್ತಾರೆ ಅಪ್ಪ. ಅಗತ್ಯವಿದ್ದರೆ ಬರೆಯಬಹುದು ಎನ್ನುತ್ತಾರೆ ನಫ್ತಾಲಿ. ಡಾಕ್ಟರು ಹೇಳಿರುವುದರಿಂದ ಅಗತ್ಯವಿದೆ. ಭುಜ: ಆರು.

ಎರಡು ರಾತ್ರಿಯ ಹಬ್ಬದೂಟ ಮುಗಿಯಿತು. ಮೊದಲ ರಾತ್ರಿ ಝೆಲ್ಡಾ ಕುರ್ಚಿಯ ಮೇಲೆ ನಿಂತು ನಾಲ್ಕು ಪ್ರಶ್ನೆ ಹಾಡಿದಳು. ಉಳಿದ ರಾತ್ರಿಗಳಿಗಿಂತ ಈ ರಾತ್ರಿ ಯಾಕೆ ಬೇರೆ, ಇವತ್ತು ಯಾಕೆ ಹುಳಿಯಿಲ್ಲದ ಮಾಟ್ಸಾ ರೊಟ್ಟಿ, ಯಾಕೆ ಕಹಿ... ಹಾಡಿ ಮುಗಿಸಿದ ಮೇಲೂ ಕೆಳಗಿಳಿಯಲಿಲ್ಲ.

"ಇನ್ನೊಂದು ಪ್ರಶ್ನೆ ಇದೆ. ಹೋದ ವರ್ಷ ನಾಲ್ಕು ಲೋಟ ದ್ರಾಕ್ಷಾರಸದಲ್ಲಿ ಅಜ್ಜಿ ಎರಡನೇ ಲೋಟಕ್ಕೇ ನಿದ್ದೆ ಮಾಡಿಬಿಟ್ಟಿದ್ಲು. ಈ ರಾತ್ರಿ ಅಜ್ಜಿ ಯಾಕೆ ಎದ್ದಿದಾಳೆ?"

ಎಲ್ಲರೂ ನಕ್ಕರು. ಹಿಂಡೆಗಂತೂ ಕಣ್ಣಲ್ಲಿ ನೀರು ಬಂತು. ನಾನೂ ನಕ್ಕೆ. ಆದರೆ ನಿಜಕ್ಕೂ ನಾಲ್ಕನೇ ಲೋಟದವರೆಗೂ ಎದ್ದಿದ್ದೆ. ಎಷ್ಟು ವರ್ಷವಾಗಿತ್ತೋ, ಕೊನೆಯ ಹಾಡುಗಳನ್ನೇ ಮರೆತಿದ್ದೆ. ಪುಸ್ತಕ ನೋಡಿ ಹಾಡಿದೆ.

ಊಟದ ನಡುವೆ ಅಪ್ಪನ ಕಡೆ ಬಗ್ಗಿ, "ಅವನು ಅದಕ್ಕೆ ಏನು ತಿನ್ನಿಸ್ತಿದಾನೋ ಏನೋ, ಅಪ್ಪಾ" ಎಂದೆ. ಬೇಡವೆಂದರೂ ಬಾಯಿಗೆ ಬಂತು.

ಅಪ್ಪ ಉಪ್ಪುನೀರಿನಲ್ಲಿ ಮೊಟ್ಟೆ ಅದ್ದಿಕೊಂಡು ತಿನ್ನುತ್ತಿದ್ದರು. "ನನ್ನನ್ನೂ ಒಬ್ಬರ ಮನೇಲಿ ಬಿಟ್ಟಿದ್ರು ಮಗಳೇ" ಎಂದರು. "ಏನು ತಿನ್ನಿಸಬೇಕು ಅಂತ ಯಾರೂ ಬರೆದುಕೊಟ್ಟಿರಲಿಲ್ಲ." ಇನ್ನೊಂದು ಮೊಟ್ಟೆ ತೆಗೆದುಕೊಂಡರು.

ಅಪ್ಪ ಆ ಮನೆಯ ವಿಷಯವನ್ನು ನನ್ನೆದುರು ಎತ್ತಿದ್ದು ಇದು ಎರಡನೆಯ ಸಲ. ಮೊದಲ ಸಲ ನನ್ನ ಮದುವೆಯಲ್ಲಿ.

ಏಪ್ರಿಲ್ 24, ಬುಧವಾರ

ಹಬ್ಬದ ನಡುದಿನಗಳಲ್ಲಿ ಊರಿನ ಯೆಹೂದಿ ಮಕ್ಕಳೆಲ್ಲ ಪ್ರಾಣಿ ಸಂಗ್ರಹಾಲಯದಲ್ಲೇ ಇರುತ್ತಾರೆ. ಝೆಲ್ಡಾಳನ್ನು ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಹಿಂಡೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನಾ?" ಎಂದಳು. ಅವಳು ಚಿಕ್ಕವಳಿದ್ದಾಗ ನಾನು ಒಮ್ಮೆಯೂ ಕರೆದುಕೊಂಡು ಹೋಗಿರಲಿಲ್ಲ. ಅಂಗಡಿ ಇತ್ತು.

ಲೋಡೆ ಅಲ್ಲಿರಬಹುದೆಂದು ಹೋದೆನೆಂದು ಯಾರಾದರೂ ಅಂದರೆ, ಪೂರ್ತಿ ಸುಳ್ಳೇನಲ್ಲ.

ಇದ್ದ. ಜಿರಾಫೆ ಮನೆಯ ಮುಂದಿನ ಬೆಂಚಿನಲ್ಲಿ ಕೂತಿದ್ದ. ನನ್ನನ್ನು ಕಂಡವನೇ ಎದ್ದ.

"ಅಮ್ಮಾ, ನಿಮ್ಮ—"

"ನನ್ನದಲ್ಲ."

"ಹೌದಲ್ಲ. ನನ್ನದು. ಬೆರ್ತಾ ಅಂತ ಹೆಸರಿಟ್ಟಿದೀನಿ."

ತಾತ ಕೋಟಿನೊಳಗೆ ತಂದ ಮುದುಕಿ ಈಗ ಬೆರ್ತಾ.

"ಒಂದು ಮಾತು ಕೇಳಲಾ? ನಿನ್ನೆಯಿಂದ ಅದರ ಮೇಲೆ ಬೂದು ಬಣ್ಣದ ನೀರು ನಿಂತಿದೆ. ಅದು—"

ಹಸಿವು! ಹಸಿವು ಕಣಯ್ಯಾ! ನೀರು ಚೆಲ್ಲು, ಹಿಟ್ಟು ಹಾಕು, ಒಲೆಯಿಂದ ದೂರ ಇಡು! ಮೂರೂ ನಾಲಿಗೆಯ ತುದಿಗೆ ಬಂದವು. ಝೆಲ್ಡಾಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದೆನೆಂದರೆ "ಅಜ್ಜೀ, ನೋವು!" ಎಂದಳು.

"ಈ ಜಿರಾಫೆಗೆ ಎಷ್ಟು ವರ್ಷ?" ಎಂದೆ.

ಲೋಡೆ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. ತಲೆಯ ಮೇಲಿಂದಲ್ಲ, ನೇರವಾಗಿ. "ಕೇಳಬಾರದಾಗಿತ್ತೇನೋ" ಎಂದ. ಆಮೇಲೆ, "ಹದಿನಾಲ್ಕು ವರ್ಷ. ಹುಟ್ಟಿದಾಗ ನಾನೇ ಹಿಡ್ಕೊಂಡಿದ್ದೆ. ಆರಡಿ ಎತ್ತರದಿಂದ ನೆಲಕ್ಕೆ ಬೀಳುತ್ತೆ ಮರಿ. ಅಮ್ಮ ನಿಂತ್ಕೊಂಡೇ ಹೆರೋದು."

"ಬಿದ್ದು ಪೆಟ್ಟಾಗಲ್ವಾ?" ಎಂದಳು ಝೆಲ್ಡಾ.

"ಬಿದ್ದಾಗಲೇ ಅದು ಮೊದಲನೇ ಸಲ ಉಸಿರಾಡೋದು ಪುಟ್ಟಿ."

ಅವಳು ಪ್ರಶ್ನೆ ಕೇಳುತ್ತಲೇ ಹೋದಳು. ಅವನು ಉತ್ತರ ಹೇಳುತ್ತಲೇ ಹೋದ. ಒಂದು ಗಂಟೆ ಅಲ್ಲೇ ಕುಳಿತೆವು. ಜಿರಾಫೆಯ ನಾಲಿಗೆ ನೀಲಿ ಎಂದು ನನಗೆ ಇವತ್ತೇ ಗೊತ್ತಾದದ್ದು. ಹುಟ್ಟಿದಾಗಿನಿಂದ ಈ ಸಂಗ್ರಹಾಲಯದಿಂದ ನಾನೂರು ಮೀಟರ್ ದೂರದಲ್ಲಿ ಇದ್ದೇನೆ.

ಬರುವಾಗ ಝೆಲ್ಡಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದೆ. ಮನೆಗೆ ಬಂದು ಆಲೂಗಡ್ಡೆ ಸುಲಿಯುವಾಗಷ್ಟೇ ಬೂದು ನೀರು ನೆನಪಾದದ್ದು.

ಏಪ್ರಿಲ್ 25, ಗುರುವಾರ

ಎದ್ದದ್ದು ಏಳೂ ಕಾಲಿಗೆ. ನಫ್ತಾಲಿ ಜೊತೆ ನದಿಯವರೆಗೆ ನಡೆದೆ. ದಂಡೆಯ ಮೇಲೆ ಮಾಟ್ಸಾ, ಬೇಯಿಸಿದ ಮೊಟ್ಟೆ ತಿಂದೆವು. ಗಾಳಿಗೆ ಮಾಟ್ಸಾ ಪುಡಿಯೆಲ್ಲ ಅವರ ಗಡ್ಡದಲ್ಲಿ. "ಇದನ್ನ ಬೇಕಾದ್ರೆ ಹುಡುಕ್ಕೋ, ಇದು ಹುಳಿಯಲ್ಲ" ಎಂದರು. ಹಡಗುಗಳನ್ನು ನೋಡಿದೆವು.

ಏಪ್ರಿಲ್ 27, ಶನಿವಾರ, ಹಬ್ಬ ಮುಗಿದ ಮೇಲೆ

ಹತ್ತು ಗಂಟೆ ದಾಟಿದೆ. ಪ್ರತಿ ವರ್ಷ ಈ ಹೊತ್ತಿಗೆ ಗುಸ್ಟ್ ಬಾಗಿಲಲ್ಲಿರುತ್ತಿದ್ದ. ನಾನು ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಿದ್ದೆ. ಭಾನುವಾರ ಬೆಳಿಗ್ಗೆ ಬ್ರೆಡ್ಡಿಗೆ ಸಾಲು ನಿಲ್ಲುತ್ತದೆ.

ಅಪ್ಪ ಆಗಲೇ ನನ್ನ ಕೋಟು ಹಿಡಿದು ನಿಂತಿದ್ದರು. "ಹೋಗು ಮಗಳೇ, ಈಗ ಕೇಳಬಹುದು."

"ಲೋಡೆ ಮಲಗಿರ್ತಾನೆ ಅಪ್ಪಾ. ಬೆಳಿಗ್ಗೆ ಹೋದ್ರಾಯ್ತು. ಸೋಮವಾರ ತೆಗೆಯೋಣ ಅಂಗಡಿ."

ಅಪ್ಪ ಕೋಟನ್ನು ಮೊಳೆಗೆ ನೇತುಹಾಕಿದರು. ಹಬ್ಬದ ಪಾತ್ರೆಗಳನ್ನು ತೊಳೆದು ಪೆಟ್ಟಿಗೆಗೆ ತುಂಬುತ್ತಾ ಹಿಂಡೆ ಏನೋ ಗುನುಗುತ್ತಿದ್ದಳು. ನಾನು ಒರೆಸಿಕೊಟ್ಟೆ.

ಏಪ್ರಿಲ್ 28, ಭಾನುವಾರ

ಒಂಬತ್ತಕ್ಕೆ ರಬ್ಬಿಗಳೊಡನೆ ಲೋಡೆಯ ಮನೆಗೆ. ಮೂರನೇ ಮಹಡಿ. ಎರಡನೇ ಮಹಡಿಯ ಮೆಟ್ಟಿಲಿನಲ್ಲೇ ನನ್ನ ಕಾಲು ನಿಂತಿತು. ವಾಸನೆ.

"ಏನಾಯ್ತು?" ಎಂದರು ರಬ್ಬಿಗಳು.

"ಏನಿಲ್ಲ. ನಡೀರಿ."

ಜಾಡಿ ಕಿಟಕಿಯ ಬಳಿ ಇತ್ತು, ಒಲೆಯಿಂದ ದೂರ. ಬಟ್ಟೆ ಸರಿಸಿದೆ. ಕುತ್ತಿಗೆಯವರೆಗೆ ಉಬ್ಬಿ, ಜೇನುಗೂಡಿನ ಹಾಗೆ ತೂತುತೂತು. ನಾನು ಸಾಕಿದ್ದಕ್ಕಿಂತ ಚೆನ್ನಾಗಿತ್ತು ಎಂದು ಬರೆಯಲು ಮನಸ್ಸು ಬರುತ್ತಿಲ್ಲ. ಚೆನ್ನಾಗಿತ್ತು.

ಪಕ್ಕದಲ್ಲಿ ಒಂದು ನೋಟ್‌ಪುಸ್ತಕ. ಗಂಟೆ, ಕೋಣೆಯ ಉಷ್ಣತೆ, ಎಷ್ಟು ಬೆರಳು ಉಬ್ಬಿತು, ಎಲ್ಲ ಬರೆದಿಟ್ಟಿದ್ದ. 24ನೇ ತಾರೀಕಿನ ಎದುರು: 'ಬೂದು ನೀರು. ಅಮ್ಮನವರು ಹೇಳಲಿಲ್ಲ. ಹೇಳಲು ಬಹಳ ಆಸೆಯಿತ್ತು.'

"ಆಮೇಲೆ ಏನು ಮಾಡಿದ್ರಿ?"

"ನೋಡ್ತಾ ಕೂತೆ. ಮೂವತ್ತೊಂದು ವರ್ಷ ಅದೇ ತಾನೇ ಕೆಲಸ, ಬಾಯಿಲ್ಲದ್ದನ್ನ ನೋಡ್ತಾ ಕೂರೋದು. ಹಸಿದಿದೆ ಅನ್ನಿಸ್ತು. ಆ ಚೀಲದ ಹಿಟ್ಟೇ ಇತ್ತಲ್ಲ, ನಲ್ಲಿ ನೀರಲ್ಲಿ ಕಲಸಿ ಹಾಕಿದೆ. ಅದರ ಜೊತೆ ಬಂದ ಮರದ ಕೋಲಿಂದಲೇ ಕಲಸಿದೆ, ನಮ್ಮನೆ ಚಮಚ ಮುಟ್ಟಿಸಿಲ್ಲ. ಬೆಳಿಗ್ಗೆ ಹೊತ್ತಿಗೆ ಜಾಡಿಯಿಂದ ಹೊರಗೆ ಬಂದುಬಿಟ್ಟಿತ್ತು, ತುಂಟಿ. ಚೆಲ್ಲೋಕೆ ಮನಸ್ಸಾಗಲಿಲ್ಲ. ಅದಕ್ಕೆ..."

ಮೇಜಿನ ಮೇಲಿನ ಬಟ್ಟೆ ತೆಗೆದ. ಬ್ರೆಡ್ಡು. ಒಂದು ಕಡೆ ಕುಸಿದು ಇನ್ನೊಂದು ಕಡೆ ಸೀಳಿ ಹಳೆಯ ಬೂಟಿನ ಹಾಗಿತ್ತು. ಎರಡು ತುಂಡು ಕತ್ತರಿಸಿದ.

"ನಮ್ಮ ಒಲೇಲಿ ಸುಟ್ಟದ್ದು ನೀವು ತಿನ್ನಲ್ಲ ಅಂತ ಗೊತ್ತು" ಎಂದು ತಟ್ಟೆಯನ್ನು ನನ್ನ ಮುಂದೆ ಹಿಡಿದ. "ಮೂಸಿ ನೋಡೋಕೆ ಅಡ್ಡಿ ಇಲ್ವಲ್ಲ?"

ರಬ್ಬಿಗಳ ಕಡೆ ನೋಡಿದೆ. ಅವರು ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ತುಂಡನ್ನು ಎರಡೂ ಕೈಯಲ್ಲಿ ಎತ್ತಿ ಮೂಗಿಗೆ ಹಿಡಿದೆ. ನಾನು ಸಣ್ಣವಳಿದ್ದಾಗ ಅಪ್ಪನ ಅಂಗಿಗೆ ಇದೇ ವಾಸನೆ ಇತ್ತು. ನಮ್ಮ ಬೇಕರಿಯಲ್ಲಿ ಇದು ನನಗೆ ತಿಳಿಯದಾಗಿ ಎಷ್ಟೋ ವರ್ಷವಾಗಿದೆ, ಅದರೊಳಗೇ ಇರುತ್ತೇನಲ್ಲ. ಎಷ್ಟು ಹೊತ್ತು ಹಿಡಿದಿದ್ದೆನೋ.

"ಉಪ್ಪು ಹಾಕಿಲ್ಲ" ಎಂದೆ.

"ಉಪ್ಪು ಹಾಕ್ಬೇಕಾ!"

"ನೂರಕ್ಕೆ ಎರಡು. ಮತ್ತೆ ಒಲೆ ಇನ್ನೂ ಬಿಸಿ ಇರಬೇಕು. ಮೊದಲ ಹತ್ತು ನಿಮಿಷ ಒಳಗೆ ಒಂದು ಬಟ್ಟಲು ನೀರು ಇಡಿ."

ಅವನು ನೋಟ್‌ಪುಸ್ತಕ ತೆಗೆದು ಬರೆದುಕೊಂಡ. ಆಮೇಲೆ ಪತ್ರ ಹರಿದು, ಮುಂಗಡ ವಾಪಸು ಪಡೆದು, ಬೀಗದ ಕೈ ಮತ್ತು ಜಾಡಿ ನನ್ನ ಕೈಗಿತ್ತ. ತಗಡಿನ ಡಬ್ಬಿಯನ್ನೂ. ಕೊಟ್ಟ ಮೇಲೆ ಕಿಟಕಿಯ ಬಳಿ ಖಾಲಿಯಾದ ಜಾಗವನ್ನು ಅಂಗೈಯಿಂದ ಒರೆಸಿದ.

ಮೆಟ್ಟಿಲವರೆಗೆ ಬಂದವಳು ಹಿಂದಿರುಗಿದೆ. "ಒಂದು ಗಾಜಿನ ಬಾಟಲಿ ಇದ್ರೆ ಕೊಡಿ" ಎಂದೆ. ಕೋಲಿನಿಂದ ಎತ್ತಿ ಎತ್ತಿ ಅರ್ಧ ಬಾಟಲಿ ತುಂಬಿಸಿದೆ.

"ಒಲೆ ಪಕ್ಕ ಬೇಡ. ದಿನಕ್ಕೆ ಎರಡು ಸಲ. ಊರಿಗೆ ಹೋಗೋದಿದ್ರೆ ಫ್ರಿಜ್ಜಿನಲ್ಲಿಡಿ, ಸಾಯಲ್ಲ."

"ನಿಮ್ಮದು ಮುದುಕಿ, ನನ್ನದು ಬೆರ್ತಾ" ಎಂದ ಲೋಡೆ. ಮತ್ತೆ ನನ್ನ ತಲೆಯ ಮೇಲಿಂದ ನೋಡುತ್ತಿದ್ದ. ಮೂಗು ಕೆಂಪಗಾಗಿತ್ತು.

ಮನೆಯಲ್ಲಿ ಅಪ್ಪ ಜಾಡಿಯೊಳಗೆ ಇಣುಕಿ, ಮೂಸಿ, "ಕಡಿಮೆ ಇದೆಯಲ್ಲ?" ಎಂದರು. ಹೇಳಿದೆ. ಅವರು ಜಾಡಿಗೆ ಮತ್ತೆ ಬಟ್ಟೆ ಕಟ್ಟಿದರು.

"ಗುಸ್ಟ್‌ನ ಅಮ್ಮನೂ ಕೇಳಿದ್ಲು, ಒಂದು ಹಿಡಿ" ಎಂದರು ಕೊನೆಗೆ. "ನಾವು ಕೊಡಲಿಲ್ಲ."

ಏಪ್ರಿಲ್ 30, ಮಂಗಳವಾರ

ಡಾಕ್ಟರು ಈ ಪುಸ್ತಕ ತಿರುವಿದರು. "21ರ ಆಚೆಗೆ ಅಂಕವೇ ಇಲ್ಲವಲ್ಲ? ನೋವಿರಲಿಲ್ವಾ?"

ಇತ್ತೋ ಇಲ್ಲವೋ, ಬರೆಯಲು ಮರೆತೆ ಎಂದೆ. ಮುಂದಿನ ತಿಂಗಳು ಸರಿಯಾಗಿ ಬರೆಯಿರಿ ಎಂದರು.

ಇವತ್ತು ಮೊದಲ ಬ್ರೆಡ್ ಆರು ಗಂಟೆಗೆ ಬಂತು, ಕಾಲು ಗಂಟೆ ತಡ. ಯಾರೂ ಬೈಯಲಿಲ್ಲ.

ಬರುವಾಗ ದಾರಿಯಲ್ಲಿ ಅಂಚೆ ಕಚೇರಿಗೆ ಹೋದೆ. ತಗಡಿನ ಡಬ್ಬಿಯ ಪುಡಿಯಲ್ಲಿ ಅರ್ಧ ಭಾಗ ಜ್ಯೂರಿಕ್‌ಗೆ, ಬ್ಲೂಮಾಳ ಹೆಸರಿಗೆ. ಜೊತೆಗೆ ಒಂದು ಹಾಳೆ: ಏನು ತಿನ್ನುತ್ತದೆ, ಎಷ್ಟು, ದಿನಕ್ಕೆ ಎಷ್ಟು ಸಲ, ಬೂದು ನೀರು ಬಂದರೆ ಏನರ್ಥ. ಏನನ್ನೂ ಬಿಡದೆ ಬರೆದೆ, ಎರಡು ಪ್ರತಿ. ಇನ್ನೊಂದು ಲೋಡೆಗೆ. ಅವನಿಗೆ ಬೇಕಾಗಲಿಕ್ಕಿಲ್ಲ. ಆದರೂ ಕೇಳಿದ್ದನಲ್ಲ.